ಶಾಲೆಯ ಹೊಸ್ತಿಲು

ಮಗುವನ್ನು ಶಾಲೆಗೆ ಸೇರಿಸುವುದೆಂದರೆ ಮೊದಲು ಅದರ ಹೆಸರನ್ನು ಬರೆಸುವುದು. ಮಗುವಿನ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ಊರು. ಇಷ್ಟು ಪುಸ್ತಕಕ್ಕೆ ಏರಿದರೆ ಮಗು ಶಾಲೆಯದಾಯಿತು. ಮೂವತ್ತು ವರ್ಷಗಳಿಗೂ ಮೀರಿ ಹಾಜರಿ ಕರೆದವನು ನಾನು. ಹೆಸರು ಕೂಗಿದಾಗ ಎದ್ದು ‘ಬಂದಿದ್ದೇನೆ’ ಎನ್ನುವುದಕ್ಕಿಂತ ನಿರಪಾಯವಾದ ಮಾತು ನಮ್ಮ ತರಗತಿಗಳಲ್ಲಿ ಇರಲಿಲ್ಲ. ಆ ಮಾತನ್ನೇ ಆಡಲು ಅಂಜಬೇಕಾದ ಮಕ್ಕಳು ಇಂದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿದ್ದಾರೆ. ರಹದಾರಿಯಿಲ್ಲದೆ ವಲಸೆ ಬಂದ ಕುಟುಂಬಗಳ ಮಕ್ಕಳು ಅವರು. ಅವರನ್ನೂ ಅವರಿಗೆ ಕಲಿಸುವವರನ್ನೂ ವಲಸೆ ಇಲಾಖೆಯ ದಸ್ತಗಿರಿಯಿಂದ ಶಾಲೆಯೊಳಗೆ ಕಾಪಾಡುವ ಪ್ರಶ್ನೆಯನ್ನು ಕುರಿತು ಈ ಹೊತ್ತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿದ್ದು ಟೆಕ್ಸಾಸ್ ಸಂಸ್ಥಾನದ ಟೈಲರ್ ಎಂಬ ಊರಿನಿಂದ. ಗುಲಾಬಿಯ ಬೆಳೆಗೆ ಹೆಸರಾದ ಊರು ಅದು. ಕಾನೂನುಬದ್ಧವಾಗಿ ದೇಶದೊಳಗೆ ಬಾರದ ಮಕ್ಕಳ ವಿದ್ಯಾಭ್ಯಾಸಕ್ಕೆ ಸರ್ಕಾರದ ಹಣ ಸಲ್ಲದೆಂದು ಟೆಕ್ಸಾಸ್ 1975ರಲ್ಲಿ ಶಾಸನ ಮಾಡಿತ್ತು. ಅದನ್ನು ಅನುಸರಿಸಿ ಟೈಲರಿನ ಶಾಲಾ ಮಂಡಲಿ 1977ರಲ್ಲಿ ಅಂಥ ಪ್ರತಿಯೊಂದು ಮಗುವಿಗೂ ವರ್ಷಕ್ಕೆ 1,000 ಡಾಲರು ಶುಲ್ಕ ವಿಧಿಸಿತು. ಕೂಲಿಯಿಂದ ಬದುಕುವವರಿಗೆ ಇದು ಬಾಗಿಲು ಮುಚ್ಚಿದ್ದಕ್ಕೆ ಸಮಾನ. ಕೆಲವು ಮೆಕ್ಸಿಕನ್ ಕುಟುಂಬಗಳು ಮರೆಯ ಹೆಸರಿನಲ್ಲಿ ದಾವೆ ಹೂಡಿದವು. ಜನರ ಕಣ್ಣು ತಪ್ಪಿಸಲೆಂದು ವಿಚಾರಣೆಯನ್ನು ಬೆಳಗಿನ ಜಾವದಲ್ಲಿ ಇಟ್ಟರು. ಅಲ್ಲಿಂದಲೇ ಗಡೀಪಾರಾಗಬಹುದೆಂದು ತಿಳಿದ ತಂದೆತಾಯಿಗಳು ಮನೆಯ ಸಾಮಾನನ್ನೆಲ್ಲ ಕಾರಿನಲ್ಲಿ ತುಂಬಿಕೊಂಡು ನ್ಯಾಯಾಲಯಕ್ಕೆ ಬಂದರಂತೆ. ಅಕ್ಷರಕ್ಕಾಗಿ ಮನೆಯನ್ನೇ ಪಣಕ್ಕಿಟ್ಟ ಆ ಜನರ ಹೆಸರು ಅಂದಿನ ತೀರ್ಪಿನ ಪುಟಗಳಲ್ಲಿ ಕಾಣುವುದಿಲ್ಲ.

1982ರ ಜೂನ್ 15ರಂದು ಸರ್ವೋಚ್ಚ ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತಿತು. ಐವರು ನ್ಯಾಯಮೂರ್ತಿಗಳು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ಬಹುಮತದ ತೀರ್ಪನ್ನು ಬರೆದವರು ವಿಲಿಯಂ ಬ್ರೆನನ್. ಕಾನೂನಿನ ಸಮಾನ ರಕ್ಷಣೆಯನ್ನು ಅಲ್ಲಿಯ ಸಂವಿಧಾನದ ಹದಿನಾಲ್ಕನೆಯ ತಿದ್ದುಪಡಿ ಪೌರರಿಗಷ್ಟೇ ಕೊಟ್ಟಿಲ್ಲ, ಆ ನೆಲದ ಮೇಲಿರುವ ಯಾವ ವ್ಯಕ್ತಿಗಾದರೂ ಕೊಟ್ಟಿದೆ. ತಂದೆತಾಯಿಗಳ ನಡತೆಗೆ ಮಕ್ಕಳನ್ನು ದಂಡಿಸುವುದು ನ್ಯಾಯವಲ್ಲ ಎಂಬುದು ಅವರ ವಾದದ ತಿರುಳು. ಭಿನ್ನಮತ ಬರೆದ ಮುಖ್ಯ ನ್ಯಾಯಮೂರ್ತಿ ಬರ್ಗರ್ ಕೂಡ ಯಾವ ಮಗುವನ್ನಾದರೂ ಪ್ರಾಥಮಿಕ ವಿದ್ಯೆಯಿಂದ ದೂರವಿಡುವುದು ಅವಿವೇಕವೆಂದೇ ಒಪ್ಪಿದರು. ಅದನ್ನು ಸರಿಪಡಿಸಬೇಕಾದದ್ದು ಶಾಸನಸಭೆಯೇ ಹೊರತು ನ್ಯಾಯಾಲಯವಲ್ಲ ಎಂಬುದಷ್ಟೇ ಅವರ ತಕರಾರು.

ಹೀಗೆ ತರಗತಿಯಲ್ಲಿ ಆಸನವೇನೋ ದೊರೆಯಿತು. ಆ ಆಸನದವರೆಗೆ ನಡೆದುಬರುವ ದಾರಿಯ ಗತಿಯೇನು? ಅದನ್ನು ಕಾಯುತ್ತಿದ್ದದ್ದು ಶಾಸನವಲ್ಲ, ಇಲಾಖೆಯ ಸುತ್ತೋಲೆ. ಶಾಲೆ, ಆಸ್ಪತ್ರೆ, ಪೂಜಾಸ್ಥಳ ಇವುಗಳಲ್ಲಿ ವಿಶೇಷ ಕಾರಣವಿಲ್ಲದೆ ದಸ್ತಗಿರಿ ಮಾಡಬಾರದೆಂದು 2011ರ ಸುತ್ತೋಲೆ ಹೇಳಿತ್ತು. 2021ರದು ಅದನ್ನು ಇನ್ನಷ್ಟು ವಿಸ್ತರಿಸಿತ್ತು. 2025ರ ಜನವರಿ 20ರಂದು ಹೊಸ ಸರ್ಕಾರ ಅದನ್ನು ರದ್ದುಮಾಡಿ, ಅಧಿಕಾರಿಗಳ ವಿವೇಚನೆಗೆ ಬಿಟ್ಟಿತು. ಸುತ್ತೋಲೆಯಿಂದ ಬಂದದ್ದು ಸುತ್ತೋಲೆಯಿಂದಲೇ ಹೋಯಿತು.

ಶಾಲೆಯೊಳಗೆ ನುಗ್ಗಿ ಹಿಡಿದ ಪ್ರಕರಣಗಳು ಎಷ್ಟು ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ಸರಿಯಾದದ್ದೇ, ಆದರೆ ಭಯ ಲೆಕ್ಕವನ್ನು ಕಾಯುವುದಿಲ್ಲ. 2011ರಲ್ಲಿ ಅಲಬಾಮಾ ಸಂಸ್ಥಾನ ಹೊಸದಾಗಿ ಸೇರುವ ಮಕ್ಕಳ ವಲಸೆಯ ಸ್ಥಿತಿಯನ್ನು ಶಾಲೆಗಳು ವಿಚಾರಿಸಿ ಲೆಕ್ಕವಿಡಬೇಕೆಂದು ಕಾನೂನು ಮಾಡಿತು. ಯಾರನ್ನೂ ಹಿಡಿಯಬೇಕೆಂದು ಅದರಲ್ಲಿ ಹೇಳಿರಲಿಲ್ಲ, ಬರೆದುಕೊಳ್ಳಬೇಕೆಂದಷ್ಟೇ ಇತ್ತು. ಕಾನೂನು ಜಾರಿಗೆ ಬಂದ ಕೆಲವೇ ದಿನಗಳಲ್ಲಿ ಸ್ಪ್ಯಾನಿಷ್ ಮಾತಿನ ಮನೆಗಳ ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಗೈರುಹಾಜರಾದರು. ಮುಂದೆ ಮೇಲಿನ ನ್ಯಾಯಾಲಯ ಆ ವಿಧಿಯನ್ನು ತಡೆಯಿತು. ಪೊಲೀಸರು ಬಾರದೆಯೇ ತರಗತಿಯನ್ನು ಬರಿದು ಮಾಡುವುದಕ್ಕೆ ಒಂದು ಪ್ರಶ್ನೆ ಸಾಕಾಯಿತು.

ಎದುರು ಪಕ್ಷದ ಮಾತಿಗೂ ಬೆಲೆಯುಂಟು. ತನ್ನ ಗಡಿಯನ್ನು ಕಾಯುವ ಹಕ್ಕು ಯಾವ ರಾಷ್ಟ್ರಕ್ಕಿಲ್ಲ? ಶಾಲೆ ಕಾನೂನಿನಿಂದ ಅಡಗಿಕೊಳ್ಳುವ ಕೋಟೆಯಾಗಬೇಕೇ ಎಂದು ಅವರು ಕೇಳುತ್ತಾರೆ. ಇದಕ್ಕೆ ನನ್ನ ಉತ್ತರ ಒಂದೇ. ಮಗು ಶಾಲೆಗೆ ತಾನಾಗಿ ಬಂದದ್ದಲ್ಲ. ಕಡ್ಡಾಯ ಶಿಕ್ಷಣದ ಕಾನೂನು ಅದನ್ನು ಕರೆಸಿದೆ. ಇಂಥ ದಿನ, ಇಂಥ ಹೊತ್ತಿಗೆ, ಇಂಥ ಬಾಗಿಲಿಗೆ ಮಗುವನ್ನು ತಂದು ಬಿಡಿ, ತಪ್ಪಿದರೆ ನೀವು ಅಪರಾಧಿಗಳು ಎಂದು ಸರ್ಕಾರವೇ ತಂದೆತಾಯಿಗಳಿಗೆ ಹೇಳಿದೆ. ಒಂದು ಕೈಯಿಂದ ಕರೆದು ಇನ್ನೊಂದು ಕೈಯಿಂದ ಹಿಡಿದರೆ ಅದು ವಿಶ್ವಾಸಘಾತ.

ಇನ್ನು ರಕ್ಷಣೆ ಎಂದರೇನು? ಯಾರನ್ನೂ ಬಚ್ಚಿಡುವುದಲ್ಲ, ಯಾರೊಡನೆಯೂ ಕಾದಾಡುವುದಲ್ಲ. ಬಂದ ಕಾಗದವನ್ನು ಓದುವುದು. ವಾರಂಟುಗಳಲ್ಲಿ ಎರಡು ಬಗೆ. ಒಂದು ವಲಸೆ ಇಲಾಖೆಯ ಅಧಿಕಾರಿಯೇ ರುಜು ಹಾಕಿದ್ದು. ಇನ್ನೊಂದು ನ್ಯಾಯಾಧೀಶರು ರುಜು ಹಾಕಿದ್ದು. ಮೊದಲನೆಯದು ತರಗತಿಯಂಥ ಒಳಭಾಗಕ್ಕೆ ಅನುಮತಿಯಿಲ್ಲದೆ ಪ್ರವೇಶ ಕೊಡುವುದಿಲ್ಲವೆಂಬ ತತ್ತ್ವದ ಮೇಲೆ ಅಲ್ಲಿಯ ಅನೇಕ ಶಾಲಾ ಮಂಡಲಿಗಳು ತಮ್ಮ ನಿಯಮಗಳನ್ನು ಕಟ್ಟಿವೆ. ಬಾಗಿಲ ಬಳಿ ಕುಳಿತ ಗುಮಾಸ್ತೆ ತಾನು ಉತ್ತರಿಸದೆ ಮುಖ್ಯೋಪಾಧ್ಯಾಯರನ್ನು ಕರೆಯಬೇಕು. ಅವರು ವಕೀಲರನ್ನು ಕೇಳಬೇಕು. ಬಂದವರ ಹೆಸರನ್ನೂ ಬಿಲ್ಲೆಯ ಸಂಖ್ಯೆಯನ್ನೂ ಬರೆದುಕೊಳ್ಳಬೇಕು. ಮಕ್ಕಳ ದಾಖಲೆಗಳನ್ನು ಪಾಲಕರ ಒಪ್ಪಿಗೆಯೋ ನ್ಯಾಯಾಲಯದ ಆಜ್ಞೆಯೋ ಇಲ್ಲದೆ ಸಾಮಾನ್ಯವಾಗಿ ಹೊರಗೆ ಕೊಡಬಾರದೆಂಬ ಕಾನೂನು 1974ರಿಂದಲೇ ಇದೆ. ಸಂಜೆ ತಾಯಿ ಬಾರದಿದ್ದರೆ ಮಗುವನ್ನು ಯಾರ ಕೈಗೆ ಒಪ್ಪಿಸಬೇಕು ಎಂಬುದನ್ನೂ ಮೊದಲೇ ಬರೆಸಿಟ್ಟುಕೊಳ್ಳುತ್ತಾರೆ. ಈ ಕಡೆಯ ವಿವರವನ್ನು ಓದಿದಾಗ ನನ್ನ ಮನಸ್ಸು ಮುದುಡಿತು.

ಇದು ಬರಿಯ ಕಾಗದದ ನಿಯಮವಲ್ಲ. 2025ರ ಏಪ್ರಿಲ್ 7ರಂದು ಲಾಸ್ ಏಂಜಲೀಸಿನ ಎರಡು ಪ್ರಾಥಮಿಕ ಶಾಲೆಗಳಿಗೆ ಕೇಂದ್ರದ ಅಧಿಕಾರಿಗಳು ಬಂದು ಕೆಲವು ಎಳೆಯ ಮಕ್ಕಳನ್ನು ಕಾಣಬೇಕೆಂದರು. ಮಕ್ಕಳ ಯೋಗಕ್ಷೇಮ ವಿಚಾರಿಸಲು ಬಂದದ್ದೆಂದು ಇಲಾಖೆ ಹೇಳಿತು. ಶಾಲೆಯವರು ಒಳಗೆ ಬಿಡಲಿಲ್ಲ, ಬಂದವರು ಹಿಂದಿರುಗಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ನ್ಯಾಯಾಧೀಶರ ವಾರಂಟಿಲ್ಲದೆ ವಲಸೆ ಅಧಿಕಾರಿಗಳನ್ನು ಶಾಲೆಯ ಒಳಭಾಗಕ್ಕೆ ಬಿಡಬಾರದೆಂದು ಕ್ಯಾಲಿಫೋರ್ನಿಯಾ ಶಾಸನವನ್ನೇ ಮಾಡಿತು. ಸುತ್ತೋಲೆಯ ಜಾಗಕ್ಕೆ ಆ ಒಂದು ಸಂಸ್ಥಾನದಲ್ಲಾದರೂ ಕಾನೂನು ಬಂದಂತಾಯಿತು.

ಭಯ ಮಕ್ಕಳಿಗೆ ಮಾತ್ರವಲ್ಲ. ಬಾಲ್ಯದಲ್ಲೇ ಕರೆತರಲ್ಪಟ್ಟವರಿಗೆ 2012ರಲ್ಲಿ ತಾತ್ಕಾಲಿಕ ರಕ್ಷಣೆ ಕೊಟ್ಟರು. ಅವರಲ್ಲಿ ಹಲವರು ಓದಿ ಉಪಾಧ್ಯಾಯರಾಗಿದ್ದಾರೆ. 2025ರ ನವೆಂಬರ್ 5ರಂದು ಷಿಕಾಗೋದ ಒಂದು ಶಿಶುವಿಹಾರದಿಂದ ಅಲ್ಲಿಯ ಶಿಕ್ಷಕಿಯನ್ನೇ ಹಿಡಿದೊಯ್ದರು. ಮಕ್ಕಳನ್ನು ಬಿಡಲು ಪಾಲಕರು ಬರುವ ಹೊತ್ತು ಅದು. ಕಾರನ್ನು ನಿಲ್ಲಿಸಲು ಹೇಳಿದಾಗ ಆಕೆ ಒಳಗೆ ಓಡಿದರೆಂಬುದು ಇಲಾಖೆಯ ವಾದ. ಕೆಲವು ದಿನಗಳ ಮೇಲೆ ಆಕೆಗೆ ಬಿಡುಗಡೆಯಾಯಿತು. ಯಾರ ವಾದ ಏನೇ ಇರಲಿ, ತಮಗೆ ಕಲಿಸುವವರನ್ನು ಎಳೆದೊಯ್ದರೆಂಬ ಸುದ್ದಿ ಎಳೆಯರ ಮನಸ್ಸಿನಲ್ಲಿ ಬರೆಯುವ ಪಾಠವನ್ನು ಯಾವ ಬಿಡುಗಡೆಯೂ ಅಳಿಸಲಾರದು.

ನಮ್ಮ ಉಪನಿಷತ್ತಿನ ಸತ್ಯಕಾಮ ಜಾಬಾಲನ ಕತೆ ನಮಗೆಲ್ಲ ಗೊತ್ತು. ಗೋತ್ರ ಯಾವುದೆಂದು ಗುರು ಕೇಳಿದ; ತಿಳಿಯದು, ನನ್ನ ತಾಯಿಗೂ ತಿಳಿಯದು ಎಂದು ಹುಡುಗ ಹೇಳಿದ. ಗುರು ಅವನನ್ನು ಹೊರಗೆ ಕಳಿಸದೆ ಸಮಿತ್ತು ತಾ ಎಂದ. ಆ ಕತೆಗೂ ಅದರ ಕಾಲದ ಮಿತಿಯುಂಟು. ಹುಡುಗನ ಸತ್ಯವನ್ನು ಗುರು ಮತ್ತೆ ಕುಲದ ಗುರುತಾಗಿಯೇ ಓದಿಕೊಂಡ. ಆದರೂ ಹುಟ್ಟಿನ ದಾಖಲೆಯಿಲ್ಲದವನಿಗೆ ಅಲ್ಲಿ ಬಾಗಿಲು ತೆರೆಯಿತು. ಏಕಲವ್ಯನಿಗೆ ತೆರೆಯಲಿಲ್ಲ. ಯಾವ ಕಾಲದ ಶಾಲೆಯೇ ಆಗಲಿ, ಈ ಎರಡರಲ್ಲಿ ತಾನು ಯಾವುದಾಗಬೇಕೆಂಬುದನ್ನು ತನ್ನ ಹೊಸ್ತಿಲಿನಲ್ಲೇ ತೀರ್ಮಾನಿಸಬೇಕಾಗುತ್ತದೆ.

ಅಮೆರಿಕದ ಆ ತರಗತಿಗಳಲ್ಲಿ ನಮ್ಮ ಕನ್ನಡದ ಮನೆಗಳ ಮಕ್ಕಳೂ ಕುಳಿತಿದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ಕಾಗದಪತ್ರಗಳ ಭಯವಿರಲಾರದು. ಆದರೆ ಪಕ್ಕದ ಆಸನ ಒಂದು ದಿನ ಬರಿದಾದರೆ ಅದನ್ನು ನೋಡುವವರು ಅವರೇ. ಒಂದು ಮಗು ಏಕೆ ಬರಲಿಲ್ಲವೆಂದು ಉಳಿದ ಮಕ್ಕಳು ಕೇಳಿದಾಗ ತಲೆ ತಗ್ಗಿಸದೆ ಉತ್ತರ ಹೇಳುವ ಸ್ಥಿತಿ ಉಪಾಧ್ಯಾಯರಿಗೆ ಇರಬೇಕು. ಅದಕ್ಕೆ ದೊಡ್ಡ ಸಾಹಸ ಬೇಕಿಲ್ಲ. ಬಾಗಿಲಲ್ಲಿ ಕುಳಿತವರು ಕಾಗದವನ್ನು ಕೈಗೆ ತೆಗೆದುಕೊಂಡು, ಕೆಳಗಿರುವ ರುಜು ಯಾರದೆಂದು ಸಾವಧಾನವಾಗಿ ನೋಡಿದರೆ, ಅಷ್ಟರ ಮಟ್ಟಿಗೆ ಶಾಲೆ ಶಾಲೆಯಾಗಿ ಉಳಿಯುತ್ತದೆ.