ಪಟ್ಟಿಯಲ್ಲಿ ಇಲ್ಲದ ಹೆಸರು

(ನವೆಂಬರ್ 2, ಸಕಲ ಮೃತರ ಸ್ಮರಣೆಯ ದಿನದ ಪ್ರಬೋಧನೆ)



ಇಂದು ತಾಯಿ ಧರ್ಮಸಭೆ ನಮ್ಮನ್ನು ಅಗಲಿದ ಸಕಲ ವಿಶ್ವಾಸಿಗಳನ್ನು ಸ್ಮರಿಸುತ್ತದೆ. ಬೆಳಗಿನಿಂದಲೇ ನೀವು ಸಮಾಧಿಗಳನ್ನು ತೊಳೆದು, ಸೇವಂತಿಗೆ ಹೂವಿಟ್ಟು, ಮೇಣದಬತ್ತಿ ಹಚ್ಚಿ ಬಂದಿದ್ದೀರಿ. ನೀವು ಬರೆದುಕೊಟ್ಟ ಹೆಸರುಗಳ ಚೀಟಿಗಳು ಪೀಠದ ಮೇಲಿವೆ. ಈ ಚೀಟಿಗಳನ್ನು ನೋಡುವಾಗಲೆಲ್ಲ ನನಗೆ ದೂರದ ಐರ್ಲೆಂಡಿನ ಒಬ್ಬ ಸೈನಿಕರ ನೆನಪಾಗುತ್ತದೆ. ಅವರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಅದು ಆ ಕುಟುಂಬಕ್ಕೆ ಸೇರಿದ್ದು. ಅವರ ಕಥೆಯನ್ನು ಮಾತ್ರ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನಾನು ಐರ್ಲೆಂಡಿನ ಕೆರ್ರಿ ಜಿಲ್ಲೆಯ ಒಂದು ಹಳ್ಳಿಯ ಧರ್ಮಕೇಂದ್ರದಲ್ಲಿ ಸಹಾಯಕ ಗುರುವಾಗಿದ್ದೆ. ಅಕ್ಟೋಬರ್ ಕೊನೆಯ ಒಂದು ಶನಿವಾರ ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ಎಪ್ಪತ್ತರ ಆಸುಪಾಸಿನ ತಾಯಿಯೊಬ್ಬರು, ಇಂಗ್ಲೆಂಡಿನ ಲಿವರ್‌ಪೂಲಿನಿಂದ ಬಂದವರು, ಕೈಯಲ್ಲಿ ಹಳೆಯ ಬಿಸ್ಕತ್ತು ಡಬ್ಬಿ ಹಿಡಿದು ನಿಂತಿದ್ದರು. "ಫಾದರ್, ನನ್ನ ತಾತ ಈ ಊರಿನವರಂತೆ. ಅವರ ಸ್ನಾನದೀಕ್ಷೆಯ ದಾಖಲೆ ನೋಡಬೇಕಿತ್ತು" ಎಂದರು. ಭಾನುವಾರದ ಪ್ರಬೋಧನೆ ಇನ್ನೂ ಸಿದ್ಧವಾಗಿರಲಿಲ್ಲ. "ಸೋಮವಾರ ಕಚೇರಿ ವೇಳೆಯಲ್ಲಿ ಬನ್ನಿ ಅಮ್ಮಾ" ಎಂದುಬಿಟ್ಟೆ. "ಸೋಮವಾರ ಬೆಳಿಗ್ಗೆ ನನ್ನ ಹಡಗು, ಫಾದರ್. ಇನ್ನೊಮ್ಮೆ ಬರುವ ಶಕ್ತಿ ನನಗಿಲ್ಲ" ಎಂದರು. ನನಗೆ ನಾಚಿಕೆಯಾಯಿತು. ಒಳಗೆ ಕರೆದೆ.

ಡಬ್ಬಿಯಲ್ಲಿ ಮೂರು ಪದಕಗಳು ಮತ್ತು ಟೋಪಿಗೆ ಹಾಕುವ ಒಂದು ಹಿತ್ತಾಳೆಯ ಬಿಲ್ಲೆ ಇದ್ದವು. ಬಿಲ್ಲೆಯ ಮೇಲೊಂದು ಹುಲಿ! ಅದು ರಾಯಲ್ ಮನ್‌ಸ್ಟರ್ ಫ್ಯುಸಿಲಿಯರ್ಸ್ ಎಂಬ ಐರಿಷ್ ರೆಜಿಮೆಂಟಿನ ಗುರುತು. ಈ ರೆಜಿಮೆಂಟಿನ ಮೂಲ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳದ ಸೇನೆ. ಆದ್ದರಿಂದಲೇ ನಮ್ಮ ದೇಶದ ಹುಲಿ ಕೆರ್ರಿಯ ರೈತರ ಮಕ್ಕಳ ಟೋಪಿ ಏರಿತ್ತು. ನಮ್ಮ ಬೆಂಗಳೂರಿನ ಸಂತ ಪ್ಯಾಟ್ರಿಕ್ಕರ ದೇವಾಲಯಕ್ಕೆ ಆ ಹೆಸರು ಬಂದದ್ದೂ ದಂಡಿನಲ್ಲಿದ್ದ ಇಂಥ ಐರಿಷ್ ಸೈನಿಕರಿಂದಲೇ.

ಪದಕದ ಅಂಚಿನಲ್ಲಿ ತಾತನ ಹೆಸರು, ಸೈನಿಕ ಸಂಖ್ಯೆ, ರೆಜಿಮೆಂಟು ಕೆತ್ತಿತ್ತು. ಅಷ್ಟನ್ನೇ ಹಿಡಿದು ಆ ತಾಯಿ ಹುಡುಕಾಟ ಆರಂಭಿಸಿದ್ದರು. ಲಂಡನ್ನಿನ ರಾಷ್ಟ್ರೀಯ ದಾಖಲೆಗಾರದಲ್ಲಿ ಸೇವಾ ಕಡತವನ್ನು ಕೇಳಿದರೆ ಅದು ಇರಲಿಲ್ಲ. 1940ರ ಸೆಪ್ಟೆಂಬರಿನಲ್ಲಿ ಬಾಂಬು ಬಿದ್ದು ಮೊದಲ ಮಹಾಯುದ್ಧದ ಸೈನಿಕರ ಕಡತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸುಟ್ಟುಹೋಗಿದ್ದವು. ಉಳಿದದ್ದು ಪದಕದ ಲೆಕ್ಕದ ಒಂದು ಸಣ್ಣ ಕಾರ್ಡು. 1915ರಲ್ಲಿ ಫ್ರಾನ್ಸಿಗೆ ಹೋದವರು ಎಂದಷ್ಟೇ ಅದರಲ್ಲಿತ್ತು.

ಇತ್ತ ಐರ್ಲೆಂಡಿನಲ್ಲಿಯೂ ಬೆಂಕಿಯೇ. 1922ರ ಜೂನ್ 30ರಂದು, ಅಂತರ್ಯುದ್ಧದ ಆರಂಭದಲ್ಲಿ, ಡಬ್ಲಿನ್ನಿನ ಫೋರ್ ಕೋರ್ಟ್ಸ್ ಆವರಣದ ಸರ್ಕಾರಿ ದಾಖಲೆಗಾರ ಸ್ಫೋಟಗೊಂಡು ಶತಮಾನಗಳ ಕಾಗದಪತ್ರಗಳು ಬೂದಿಯಾದವು. ಅಲ್ಲಿಗೆ ಒಪ್ಪಿಸಲಾಗಿದ್ದ ಆಂಗ್ಲಿಕನ್ ಸಭೆಯ ಅದೆಷ್ಟೋ ದಾಖಲೆ ಪುಸ್ತಕಗಳೂ ಹೋದವು. ಆದರೆ ಕಥೋಲಿಕರ ಪುಸ್ತಕಗಳು ಉಳಿದವು. ಏಕೆ ಗೊತ್ತೇ? ಅವು ರಾಜಧಾನಿಗೆ ಹೋಗಿರಲೇ ಇಲ್ಲ. ಹಳ್ಳಿಯ ಗುರುಮನೆಯ ಬೀರುವಿನಲ್ಲಿ, ತೇವ ಹಿಡಿದು, ಅಂಚು ಹರಿದು, ಅಲ್ಲಲ್ಲೇ ಕುಳಿತಿದ್ದವು. 1880ರವರೆಗಿನ ಪುಟಗಳ ಚಿತ್ರಗಳನ್ನು ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ 2015ರಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿತು. ಈ ತಾತ ಹುಟ್ಟಿದ್ದು 1893ರಲ್ಲಿ. ಹಾಗಾಗಿಯೇ ಆಕೆ ನಮ್ಮ ಬಾಗಿಲಿಗೆ ಬರಬೇಕಾಯಿತು.

ಆಕೆಯ ಬಳಿ 1911ರ ಜನಗಣತಿಯ ಹಾಳೆಯ ಪ್ರತಿಯೂ ಇತ್ತು. ಎಷ್ಟು ಮಕ್ಕಳು ಹುಟ್ಟಿದರು, ಎಷ್ಟು ಮಕ್ಕಳು ಬದುಕಿದ್ದಾರೆ ಎಂದು ಆ ಗಣತಿಯಲ್ಲಿ ಕೇಳಿದ್ದರು. ಹುಟ್ಟಿದ್ದು ಒಂಬತ್ತು, ಉಳಿದದ್ದು ಏಳು. ಹದಿನೇಳು ವರ್ಷದ ಅಣ್ಣ, ಹದಿನಾಲ್ಕರ ತಮ್ಮ ಒಂದೇ ಹಾಳೆಯಲ್ಲಿ ಒಬ್ಬರ ಕೆಳಗೆ ಒಬ್ಬರು. ಆ ಅಣ್ಣನೇ ತನ್ನ ತಾತನೆಂದು ಆಕೆಯ ನಂಬಿಕೆ. ಆದರೆ ಅದೇ ಹೆಸರಿನವರು ಆ ಸುತ್ತಿನಲ್ಲಿ ಮೂವರಿದ್ದರು.

ಪುಸ್ತಕ ತೆರೆದೆವು. ಎಲ್ಲವೂ ಲತೀನಿನಲ್ಲಿ: ಜಾನ್ ಅಲ್ಲಿ ಯೊವಾನ್ನೆಸ್, ಜೇಮ್ಸ್ ಯಾಕೋಬುಸ್. ಎರಡು ಗಂಟೆ ಹುಡುಕಿದ ಮೇಲೆ ಮೂರನೆಯವನ ಹೆಸರಿನ ಪಕ್ಕ, ಅಂಚಿನಲ್ಲಿ, ಬೇರೆ ಶಾಯಿಯ ಒಂದು ಟಿಪ್ಪಣಿ ಕಂಡಿತು: 1921ರಲ್ಲಿ ಲಿವರ್‌ಪೂಲಿನಲ್ಲಿ ವಿವಾಹ, ಕೆಳಗೆ ವಧುವಿನ ಹೆಸರು. ಮದುವೆಯಾದರೆ ಸ್ನಾನದೀಕ್ಷೆ ಪಡೆದ ಊರಿನ ಪುಸ್ತಕದಲ್ಲಿ ಅದನ್ನು ಗುರುತಿಸಬೇಕೆಂಬ ನಿಯಮ 1908ರಿಂದ ಧರ್ಮಸಭೆಯಲ್ಲೆಲ್ಲ ಜಾರಿಗೆ ಬಂತು. ನಿಮ್ಮ ಮದುವೆಗೆ ಮುಂಚೆ ನಾನು "ಸ್ನಾನದೀಕ್ಷೆಯ ಪತ್ರ ತನ್ನಿ" ಎಂದಾಗ ಕೆಲವರು ಗೊಣಗುತ್ತೀರಿ. ಲಿವರ್‌ಪೂಲಿನ ಯಾರೋ ಒಬ್ಬ ಗುರು ಗೊಣಗದೆ ಬರೆದು ಕಳುಹಿಸಿದ ಒಂದು ಸಾಲು, ಸುಮಾರು ನೂರು ವರ್ಷದ ನಂತರ ಮೊಮ್ಮಗಳಿಗೆ ತಾತನನ್ನು ಕೊಟ್ಟಿತು. "ಇದು ನನ್ನ ಅಜ್ಜಿಯ ಹೆಸರು" ಎಂದು ಆ ತಾಯಿ ಅಕ್ಷರಗಳ ಮೇಲೆ ಬೆರಳಿಟ್ಟು ಅತ್ತರು.

ಪ್ರಿಯರೇ, ಕಥೆ ಇಲ್ಲಿಗೆ ಮುಗಿಯಲಿಲ್ಲ. "ತಾತ ಒಮ್ಮೆಯೂ ಊರಿಗೆ ಮರಳಲಿಲ್ಲ. ಪದಕಗಳನ್ನು ಯಾರಿಗೂ ತೋರಿಸಬೇಡಿ ಎನ್ನುತ್ತಿದ್ದರಂತೆ. ಏಕೆ ಫಾದರ್?" ಎಂದು ಆಕೆ ಕೇಳಿದರು.

ಮೊದಲ ಮಹಾಯುದ್ಧದಲ್ಲಿ ಎರಡು ಲಕ್ಷದಷ್ಟು ಐರಿಷರು ಬ್ರಿಟಿಷ್ ಸೇನೆಯಲ್ಲಿದ್ದರು. ಕೆಲವರು ಹೊಟ್ಟೆಪಾಡಿಗೆ ಹೋದರು. ಕಥೋಲಿಕ ಬೆಲ್ಜಿಯಮ್ಮಿನ ರಕ್ಷಣೆಗೆಂದು ಹೋದವರಿದ್ದರು. ತಮ್ಮ ನಾಡಿಗೆ ಸ್ವಯಮಾಡಳಿತ ಸಿಗುತ್ತದೆಂಬ ನಾಯಕರ ಮಾತು ನಂಬಿ ಹೋದವರೂ ಇದ್ದರು. ಆದರೆ 1916ರ ಈಸ್ಟರ್ ದಂಗೆ, ನಾಯಕರ ಮರಣದಂಡನೆ, 1919ರಿಂದ 1921ರವರೆಗಿನ ಸ್ವಾತಂತ್ರ್ಯ ಹೋರಾಟ ಎಲ್ಲವನ್ನೂ ಬದಲಿಸಿದವು. ಹೂಹಾರ ಹಾಕಿಸಿಕೊಂಡು ಹೋದ ಹುಡುಗರು ಮರಳಿದಾಗ ಶತ್ರುವಿನ ಸಮವಸ್ತ್ರ ತೊಟ್ಟವರಾಗಿದ್ದರು. ಈ ಮನೆಯಲ್ಲಂತೂ ತಮ್ಮ ಬ್ರಿಟಿಷರ ವಿರುದ್ಧ ಬಂದೂಕು ಹಿಡಿದಿದ್ದ. 1922ರಲ್ಲಿ ರೆಜಿಮೆಂಟೂ ವಿಸರ್ಜನೆಯಾಯಿತು. ಅಣ್ಣ ಸಮುದ್ರ ದಾಟಿದ. ಮನೆಯಲ್ಲಿ ಅವನ ಹೆಸರು ಎತ್ತುವುದು ನಿಂತಿತು.

ಐರ್ಲೆಂಡಿನಲ್ಲಿ ಪ್ರತಿ ನವೆಂಬರಿನಲ್ಲಿ ಕುಟುಂಬಗಳು ತಮ್ಮ ಮೃತರ ಪಟ್ಟಿಯನ್ನು ಲಕೋಟೆಯಲ್ಲಿಟ್ಟು ಪೀಠದ ಮೇಲಿಡುತ್ತಾರೆ. ತಮ್ಮನ ಮೊಮ್ಮಗ, ಒಬ್ಬ ವೃದ್ಧ ರೈತ, ನಮ್ಮ ಧರ್ಮಕೇಂದ್ರದವರೇ. ಆ ಸಂಜೆಯೇ ಇಬ್ಬರನ್ನೂ ಭೇಟಿ ಮಾಡಿಸಿದೆ. ಚಹಾ ಆಯಿತು, ಹಾಳೆ ನೋಡಿದ್ದಾಯಿತು. ಆಕೆ ಮೆಲ್ಲನೆ ಕೇಳಿದರು: "ನಿಮ್ಮ ಪಟ್ಟಿಯಲ್ಲಿ ನನ್ನ ತಾತನ ಹೆಸರಿದೆಯೇ?" ಅವರು ಬಹಳ ಹೊತ್ತು ಬೆಂಕಿಗೂಡನ್ನೇ ನೋಡುತ್ತಿದ್ದು ಹೇಳಿದರು: "ನನ್ನ ತಾತ ಬರೆಯಲಿಲ್ಲ. ಅಪ್ಪನೂ ಬರೆಯಲಿಲ್ಲ." ಅಷ್ಟೇ. ಆಕೆ ಸೋಮವಾರ ಹಡಗು ಹತ್ತಿದರು.

ಈಗ ಇಂದಿನ ದಿನಕ್ಕೆ ಧರ್ಮಸಭೆ ನೀಡುವ ವಾಚನಗಳಲ್ಲಿ ಒಂದನ್ನು ನೆನೆಯಿರಿ. ಮಕ್ಕಬಿಯರ ಎರಡನೇ ಗ್ರಂಥದ ಹನ್ನೆರಡನೇ ಅಧ್ಯಾಯ. ಯುದ್ಧ ಮುಗಿದು ಯೂದ ಮಕ್ಕಬಿಯ ತನ್ನವರ ಶವಗಳನ್ನು ಎತ್ತಲು ಹೋಗುತ್ತಾನೆ. ಪ್ರತಿಯೊಬ್ಬ ಸೈನಿಕನ ಅಂಗಿಯೊಳಗೆ ಅನ್ಯದೇವರ ತಾಯಿತ ಸಿಗುತ್ತದೆ. ಧರ್ಮಶಾಸ್ತ್ರದ ಪ್ರಕಾರ ಅದು ದ್ರೋಹ. ಇವರು ನಮ್ಮವರಲ್ಲ ಎಂದು ಯೂದ ಅಲ್ಲೇ ಬಿಟ್ಟು ಬರಬಹುದಿತ್ತು. ಅವನು ಹಾಗೆ ಮಾಡಲಿಲ್ಲ. ತಪ್ಪನ್ನು ಮುಚ್ಚಿಡಲೂ ಇಲ್ಲ. ಪ್ರಾರ್ಥಿಸಿದ, ಕಾಣಿಕೆ ಎತ್ತಿ ಎರಡು ಸಾವಿರ ಬೆಳ್ಳಿ ನಾಣ್ಯಗಳನ್ನು ಪಾಪಪರಿಹಾರ ಬಲಿಗಾಗಿ ಜೆರುಸಲೇಮಿಗೆ ಕಳುಹಿಸಿದ. ಏಕೆ? ಸತ್ತವರು ಏಳುತ್ತಾರೆಂದು ಅವನು ನಂಬಿದ್ದ. ಮೃತರಿಗಾಗಿ ಪ್ರಾರ್ಥಿಸುವ ನಮ್ಮ ಸಂಪ್ರದಾಯಕ್ಕೆ ಆಧಾರವಾದ ಈ ಭಾಗ, ನೋಡಿ, ತಪ್ಪು ಮಾಡಿದ ಸೈನಿಕರ ಬಗ್ಗೆಯೇ ಇದೆ!

ಆ ರೆಜಿಮೆಂಟಿನ ಎರಡನೇ ಬೆಟಾಲಿಯನ್ನಿನಲ್ಲಿ ಫಾದರ್ ಫ್ರಾನ್ಸಿಸ್ ಗ್ಲೀಸನ್ ಎಂಬ ಗುರುಗಳಿದ್ದರು. 1915ರ ಮೇ 8ರ ಸಂಜೆ, ಮರುದಿನದ ಕದನಕ್ಕೆ ಹೊರಟವರನ್ನು ಫ್ರಾನ್ಸಿನ ಒಂದು ರಸ್ತೆ ಬದಿಯ ಗುಡಿಯ ಬಳಿ ನಿಲ್ಲಿಸಿ, ಕುದುರೆಯ ಮೇಲಿಂದಲೇ ಎಲ್ಲರಿಗೂ ಒಟ್ಟಾಗಿ ಪಾಪಕ್ಷಮೆ ನೀಡಿದರು. ಮರುದಿನ ಅವರಲ್ಲಿ ಅನೇಕರು ಮರಳಲಿಲ್ಲ. ತಾಯಂದಿರು, ಹೆಂಡತಿಯರು ಅವರಿಗೆ ಬರೆದ ಪತ್ರಗಳು ಡಬ್ಲಿನ್ನಿನ ಧರ್ಮಕ್ಷೇತ್ರದ ದಾಖಲೆಗಳಲ್ಲಿ ಇಂದಿಗೂ ಇವೆ. ನೀನು ಯಾವ ಪಕ್ಷದವನೆಂದು ಆ ಗುರು ಕೇಳಲಿಲ್ಲ.

ಐರ್ಲೆಂಡ್ ಕೂಡ ನಿಧಾನವಾಗಿ ಯೂದನ ದಾರಿಗೆ ಬಂದಿತು. 1998ರ ನವೆಂಬರ್ 11ರಂದು ಬೆಲ್ಜಿಯಮ್ಮಿನ ಮೆಸಿನ್‌ನಲ್ಲಿ, ಉತ್ತರ ದಕ್ಷಿಣ ಎನ್ನದೆ ಎಲ್ಲ ಐರಿಷ್ ಸೈನಿಕರ ಸ್ಮಾರಕವನ್ನು ಐರ್ಲೆಂಡಿನ ಅಧ್ಯಕ್ಷೆ ಮೇರಿ ಮೆಕಲೀಸ್ ಬ್ರಿಟನ್ನಿನ ರಾಣಿಯೊಂದಿಗೆ ನಿಂತು ಉದ್ಘಾಟಿಸಿದರು. ಎರಡನೇ ಮಹಾಯುದ್ಧದಲ್ಲಿ ತಟಸ್ಥ ಐರ್ಲೆಂಡಿನ ಸೇನೆಯನ್ನು ಬಿಟ್ಟು ಹಿಟ್ಲರನ ವಿರುದ್ಧ ಹೋರಾಡಲು ಹೋದ ಸಾವಿರಾರು ಜನರಿಗೆ, ಏಳು ವರ್ಷ ಸರ್ಕಾರಿ ಕೆಲಸ ನಿರಾಕರಿಸಿದ್ದ ಆ ರಾಷ್ಟ್ರವೇ 2013ರಲ್ಲಿ ಕಾನೂನು ಮಾಡಿ ಕ್ಷಮೆ ನೀಡಿತು. ಬಹುಪಾಲು ಜನ ಅಷ್ಟರಲ್ಲಿ ತೀರಿಹೋಗಿದ್ದರು.

ನವೆಂಬರ್ 2ರ ಬೆಳಿಗ್ಗೆ ನಾನು ಲಕೋಟೆಗಳನ್ನು ಪೀಠಕ್ಕೆ ಒಯ್ಯುತ್ತಿದ್ದಾಗ ಆ ರೈತರು ಕೈಯಲ್ಲೇ ಕೊಟ್ಟರು. "ತೆರೆದು ನೋಡಿ ಫಾದರ್" ಎಂದರು. ಮೊದಲ ಸಾಲಿನಲ್ಲಿ ಎರಡು ಹೆಸರು, ಅಣ್ಣ ಮತ್ತು ತಮ್ಮ, 1911ರ ಆ ಹಾಳೆಯಲ್ಲಿದ್ದ ಕ್ರಮದಲ್ಲೇ. ಅಂದು ಪೂಜೆಯಲ್ಲಿ ಆ ಹೆಸರನ್ನು ಓದುವಾಗ ನನ್ನ ಗಂಟಲು ಕಟ್ಟಿತು.

ಪ್ರಿಯರೇ, ನಿಮ್ಮ ಚೀಟಿಯನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಓದಿಕೊಳ್ಳಿ. ಯಾರ ಹೆಸರು ಬಿಟ್ಟುಹೋಗಿದೆ? ಆಸ್ತಿಗಾಗಿ ಕೋರ್ಟು ಹತ್ತಿದ ಚಿಕ್ಕಪ್ಪನೇ? ಮನೆಯವರ ಮಾತು ಮೀರಿ ಮದುವೆಯಾಗಿ ಹೋದ ಅತ್ತೆಯೇ? ಕುಡಿದು ಮನೆ ಹಾಳುಮಾಡಿದ ಅಪ್ಪನೇ? ತಾನೇ ಜೀವ ಕಳೆದುಕೊಂಡ ತಮ್ಮನೇ? ಅವರು ಮಾಡಿದ್ದೆಲ್ಲ ಸರಿ ಎಂದು ನಾನು ಹೇಳುತ್ತಿಲ್ಲ. ತೀರ್ಪು ದೇವರದು, ಪ್ರಾರ್ಥನೆ ಮಾತ್ರ ನಮ್ಮದು. ಪೂಜೆಯ ನಂತರ ಬಾಗಿಲ ಬಳಿ ಕಾಗದವೂ ಪೆನ್ನೂ ಇರುತ್ತವೆ. ಆ ಒಂದು ಹೆಸರು ಬರೆಯಿರಿ. ಮನೆಗೆ ಹೋಗಿ ಅಜ್ಜ ಅಜ್ಜಿಯರ ಪಕ್ಕ ಮಕ್ಕಳನ್ನು ಕೂರಿಸಿ, ಅವರು ಹೇಳುವ ಹೆಸರುಗಳನ್ನು ಬರೆದಿಡಿ. ಗುರುಮನೆಯ ಪುಸ್ತಕ ನೋಡಬೇಕೆಂದರೆ ಬನ್ನಿ. ಶನಿವಾರ ಮಧ್ಯಾಹ್ನವಾದರೂ ಸರಿ.

ಕರುಣಾಮಯ ತಂದೆಯೇ, ನಾವು ನೆನೆದವರನ್ನೂ ಮರೆತವರನ್ನೂ ನಿಮ್ಮ ಬೆಳಕಿಗೆ ಬರಮಾಡಿಕೊಳ್ಳಿ. ಆಮೆನ್.