ಹತ್ತು ನಿಮಿಷ ಜೊತೆಗಿರಿ

(ಶಾಲೆಯ ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ನನಗೆ ಕೊಟ್ಟಿದ್ದ ವಿಷಯ 'ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಅವಕಾಶಗಳು'. ಅದನ್ನು ನನಗಿಂತ ಚೆನ್ನಾಗಿ ಹೇಳುವವರು ಯೂಟ್ಯೂಬಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಹಾಗಾಗಿ ಅವರ ಒಪ್ಪಿಗೆ ಕೇಳಿ ವಿಷಯ ಬದಲಿಸಿದ್ದೇನೆ. ನಾನು ಸಿಗರೇಟು ಬಿಟ್ಟ ಮೊದಲ ಹತ್ತು ದಿನಗಳ ಬಗ್ಗೆ ಮಾತನಾಡುತ್ತೇನೆ. ನನ್ನ ಗುರುಗಳ ಎದುರು ಇದನ್ನು ಹೇಳಲು ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ.

ನಾನು ಈ ಶಾಲೆಗೆ ಬರುತ್ತಿದ್ದಾಗ ನಮ್ಮ ಮನೆ ನಡೆಯುತ್ತಿದ್ದದ್ದು ಅಮ್ಮ ಕಟ್ಟುತ್ತಿದ್ದ ಬೀಡಿಯಿಂದ. ಮಡಿಲಲ್ಲಿ ತಡ್ಪೆ, ಅದರಲ್ಲಿ ಎಲೆ, ಹೊಗೆಸೊಪ್ಪಿನ ಹುಡಿ, ನೂಲು, ಕತ್ತರಿ. ಇಲ್ಲಿ ಕುಳಿತಿರುವ ಅನೇಕರ ಮನೆಯ ಚಿತ್ರವೂ ಅದೇ. ಕಟ್ಟಿದ ಬೀಡಿಯನ್ನು ಬ್ರಾಂಚಿಗೆ ಮುಟ್ಟಿಸುವುದು ನನ್ನ ಕೆಲಸ. ನನ್ನ ಪುಸ್ತಕ, ಯೂನಿಫಾರ್ಮು, ಬಸ್ಸಿನ ಹಣ, ಬೀಡಿ ಕಾರ್ಮಿಕರ ಮಕ್ಕಳಿಗೆ ಸಿಗುವ ವಿದ್ಯಾರ್ಥಿವೇತನ, ಎಲ್ಲವೂ ಆ ತಡ್ಪೆಯಿಂದಲೇ ಬಂದದ್ದು. ಆದರೆ ನಮ್ಮ ಮನೆಯಲ್ಲಿ ಒಬ್ಬರೂ ಬೀಡಿ ಸೇದುತ್ತಿರಲಿಲ್ಲ.

ನಾನು ಶುರು ಮಾಡಿದ್ದು ಬಿಇ ಮೂರನೇ ವರ್ಷದಲ್ಲಿ, ಹಾಸ್ಟೆಲಿನಲ್ಲಿ. ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದ ಮೇಲೆ ಅದು ದಿನಕ್ಕೆ ಹತ್ತಾಯಿತು. ಹತ್ತು ವರ್ಷ ಊರಿಗೆ ಗೊತ್ತಾಗದಂತೆ ನೋಡಿಕೊಂಡೆ. ಒಮ್ಮೆ ಅಮ್ಮ ಬೆಂಗಳೂರಿಗೆ ಬಂದವರು ಒಗೆಯಲು ನನ್ನ ಅಂಗಿ ಎತ್ತಿಕೊಂಡು, ಮೂಗಿನ ಹತ್ತಿರ ತಂದು ನಿಂತರು. "ನನ್ನ ಕೈಯ ವಾಸನೆ ನಿನ್ನ ಅಂಗಿಗೆ ಹೇಗೆ ಬಂತು?" ಅಂತ ಮಾತ್ರ ಕೇಳಿದರು. ಬೈಯಲಿಲ್ಲ.

ಆ ವಾರವೇ ಬಿಟ್ಟೆ. ಯಾರಿಗೂ ಹೇಳಲಿಲ್ಲ. ನಾಲ್ಕನೇ ದಿನ ಆಫೀಸಿನ ಎದುರಿನ ಚಹಾದಂಗಡಿಯಲ್ಲಿ ಪುನಃ ಹಚ್ಚಿದೆ. ಬಿಟ್ಟದ್ದೂ ಯಾರಿಗೂ ಗೊತ್ತಿರಲಿಲ್ಲ, ಸೋತದ್ದೂ ಗೊತ್ತಾಗಲಿಲ್ಲ.

ಮುಂದೆ ರಜೆಯಲ್ಲಿ ಊರಿಗೆ ಬಂದಾಗ ನೆರೆಮನೆಯ ಅಣ್ಣನೊಬ್ಬರ ಹತ್ತಿರ ಇದನ್ನು ಹೇಳಿಕೊಂಡೆ. ಅವರು ಹಿಂದೆ ಕುಡಿತಕ್ಕೆ ಬಿದ್ದು, ಜನಜಾಗೃತಿ ವೇದಿಕೆಯ ಎಂಟು ದಿನದ ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಿಟ್ಟವರು. ನಮ್ಮ ತಾಲೂಕಿನವರಿಗೆ ಈ ಶಿಬಿರಗಳ ಬಗ್ಗೆ ನಾನು ವಿವರಿಸಬೇಕಾಗಿಲ್ಲ. ಶಿಬಿರ ಮುಗಿದ ಮೇಲೆಯೂ ಬಿಟ್ಟವರನ್ನು ಒಟ್ಟಿಗೆ ಕೂರಿಸುವ ನವಜೀವನ ಸಮಿತಿಗಳೂ ಇವೆ. ಅಣ್ಣ ಕೇಳಿದರು: "ಯಾರಿಗೆಲ್ಲ ಹೇಳಿದ್ದಿ?" ಯಾರಿಗೂ ಇಲ್ಲ ಎಂದೆ. "ಹಾಗಾದ್ರೆ ನೀನು ಬಿಡ್ಲಿಕ್ಕೆ ಹೊರಟದ್ದಲ್ಲ ಮಾರಾಯ, ಬಿಟ್ಟು ನೋಡ್ಲಿಕ್ಕೆ ಹೊರಟದ್ದು" ಎಂದರು.

ಅವರ ಮಾತಿನ ಹಿಂದೆ ವಿಜ್ಞಾನವೂ ಇದೆ. ನಿಕೋಟಿನ್ ರಕ್ತದಲ್ಲಿ ಸುಮಾರು ಎರಡು ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ. ಕೊನೆಯ ಸಿಗರೇಟಿನ ಕೆಲವೇ ಗಂಟೆಗಳಲ್ಲಿ ಚಡಪಡಿಕೆ ಶುರು. ಸಿಟ್ಟು, ನಿದ್ದೆ ಬಾರದಿರುವುದು, ಮನಸ್ಸು ನಿಲ್ಲದಿರುವುದು, ಹಸಿವು. ಇವು ಎರಡು ಮೂರನೇ ದಿನ ಅತಿ ಹೆಚ್ಚಿರುತ್ತವೆ, ಆಮೇಲೆ ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತವೆ. ಆದರೆ ಸೇದಲೇಬೇಕು ಎಂಬ ಒಂದೊಂದು ಸೆಳೆತ ನಿಲ್ಲುವುದು ಕೆಲವು ನಿಮಿಷ ಮಾತ್ರ. ಹತ್ತು ನಿಮಿಷ ದಾಟಿಸಿದರೆ ಹೆಚ್ಚಾಗಿ ಅದು ಹೋಗುತ್ತದೆ. ಆ ಹತ್ತು ನಿಮಿಷವನ್ನು ಒಬ್ಬನೇ ದಾಟಿಸುವುದು ಕಷ್ಟ.

ಎರಡನೇ ಸಲ ತಯಾರಿ ಮಾಡಿಕೊಂಡೆ. ಸಿಗರೇಟು ಪ್ಯಾಕೆಟಿನ ಮೇಲೆಯೇ ಒಂದು ನಂಬರ್ ಇರುತ್ತದೆ, 1800-11-2356. ನೀವು ನೋಡಿರಬಹುದು, ನಾನು ವರ್ಷಗಟ್ಟಲೆ ನೋಡಿಯೂ ನೋಡಿರಲಿಲ್ಲ. ಅದು ತಂಬಾಕು ಬಿಡುವವರಿಗಾಗಿ ಸರಕಾರ ನಡೆಸುವ ಉಚಿತ ಸಹಾಯವಾಣಿ, ಕನ್ನಡದಲ್ಲಿಯೂ ಮಾತನಾಡುತ್ತಾರೆ. ಆಪ್ತಸಮಾಲೋಚಕಿ ಬಿಡುವ ದಿನಾಂಕ ಗೊತ್ತು ಮಾಡಿಸಿದರು, ಮನೆಯವರಿಗೆ ತಿಳಿಸಿ ಎಂದರು. ವೈದ್ಯರನ್ನು ಕೇಳಿ 2 ಮಿಲಿಗ್ರಾಮಿನ ನಿಕೋಟಿನ್ ಗಮ್ ತಂದೆ. ಅದನ್ನು ಬಬಲ್ ಗಮ್ಮಿನಂತೆ ಅಗಿಯಬಾರದು. ನಿಧಾನ ಅಗಿದು, ನಾಲಿಗೆ ಚುರುಗುಟ್ಟಿದಾಗ ಕೆನ್ನೆಯ ಸಂದಿಯಲ್ಲಿ ಇಟ್ಟುಕೊಳ್ಳಬೇಕು. ಆಮೇಲೆ ನಾಲ್ವರಿಗೆ ಹೇಳಿದೆ: ಹೆಂಡತಿ, ಆಫೀಸಿನ ಗೆಳೆಯ, ನೆರೆಮನೆಯ ಅಣ್ಣ, ಅಮ್ಮ.

ಎಂಜಿನಿಯರನ ಚಟ, ಸೆಳೆತ ಬಂದಾಗಲೆಲ್ಲ ಹೊತ್ತು ಬರೆದಿಟ್ಟೆ. ಮೊದಲ ದಿನ ಹದಿನೇಳು ಸಲ. ಹೆಚ್ಚಿನವು ಚಹಾ ಕುಡಿದಾಗ, ಊಟವಾದಾಗ ಮತ್ತು ಮೀಟಿಂಗ್ ಮುಗಿದಾಗ. ಗೆಳೆಯ ಚಹಾದಂಗಡಿಯ ದಾರಿಯನ್ನೇ ಬಿಟ್ಟು ನನ್ನನ್ನು ಕಟ್ಟಡಕ್ಕೆ ಒಂದು ಸುತ್ತು ನಡೆಸಿದ. ಮೂರನೇ ದಿನ ಸಾಂಬಾರಿಗೆ ಉಪ್ಪು ಹೆಚ್ಚಾಯಿತೆಂದು ಹೆಂಡತಿಯ ಮೇಲೆ ರೇಗಿದೆ. ಅವಳು ಒಂದು ಲೋಟ ನೀರು ಎದುರಿಗಿಟ್ಟು, "ಹತ್ತು ನಿಮಿಷ ಕಳೆದು ಜಗಳ ಮಾಡುವ" ಎಂದಳು. ಹತ್ತು ನಿಮಿಷದ ಮೇಲೆ ನೋಡಿದರೆ ಸಾಂಬಾರು ಸರಿಯಾಗಿಯೇ ಇತ್ತು.

ಆರನೇ ದಿನ ರಾತ್ರಿ ಹನ್ನೊಂದು ಗಂಟೆ, ಆಫೀಸಿನಲ್ಲಿ ದೊಡ್ಡ ರಿಲೀಸ್, ಏನೂ ಸರಿಯಾಗುತ್ತಿಲ್ಲ. ಸಹಾಯವಾಣಿ ರಾತ್ರಿ ಇರುವುದಿಲ್ಲ. ಅಣ್ಣನಿಗೆ ಫೋನ್ ಮಾಡಿದೆ. ನಿದ್ದೆಯಿಂದ ಎದ್ದವರು ಉಪದೇಶ ಮಾಡಲಿಲ್ಲ. ಅಡಿಕೆಗೆ ಬೋರ್ಡೋ ದ್ರಾವಣ ಬಿಡಲು ಜನ ಸಿಗದ್ದು, ಅಷ್ಟರಲ್ಲಿ ಮಳೆ ಹಿಡಿದದ್ದು, ಕೊಳೆರೋಗ ಬಂದದ್ದು, ಎಲ್ಲ ಹೇಳಿದರು. ಆಮೇಲೆ "ಹೋಯ್ತಾ?" ಎಂದರು. ಹೋಗಿತ್ತು.

ಒಂಬತ್ತನೇ ದಿನ ಜಾರಿದೆ. ಗೆಳೆಯರ ಒಂದು ಪಾರ್ಟಿಯಲ್ಲಿ ಒಂದು ಸಿಗರೇಟು ಸೇದಿದೆ. ಎಲ್ಲ ಮುಗಿಯಿತು ಎನಿಸಿತು. ಅಣ್ಣ ಹೇಳಿದ್ದಿಷ್ಟೆ: "ಜಾರಿದ್ದು ಒಂದು ಸಲ. ಬಿದ್ದಲ್ಲೇ ಮಲಗ್ಬೇಡ." ಮರುದಿನ ಬೆಳಿಗ್ಗೆ ಪುನಃ ಲೆಕ್ಕ ಬರೆದೆ. ಹತ್ತನೇ ದಿನದ ಸೆಳೆತ ಐದು. ಇಂದಿಗೆ ಮೂರು ವರ್ಷವಾಯಿತು.

ಇದು ನನ್ನೊಬ್ಬನ ಮಾತಲ್ಲ. 2016–17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ ಸುಮಾರು 23 ಮಂದಿ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಾರೆ. ಈ ಚಪ್ಪರದಡಿಯಲ್ಲಿಯೂ ಹಲವರಿರಬಹುದು. ಬಿಡುವವರಿಗೆ ನನ್ನ ವಿನಂತಿ ಒಂದೇ, ಗುಟ್ಟಾಗಿ ಬಿಡಬೇಡಿ. ಜೊತೆಯಲ್ಲಿರುವವರಿಗೆ ನಾಲ್ಕು ಮಾತು. "ಮನಸ್ಸು ಮಾಡಿದ್ರೆ ಎಷ್ಟು ಹೊತ್ತಿನ ಕೆಲಸ" ಎನ್ನಬೇಡಿ. ಜೇಬು ತಪಾಸಣೆ ಮಾಡಬೇಡಿ. ಮೊದಲ ವಾರದ ಸಿಟ್ಟನ್ನು ಲೆಕ್ಕಕ್ಕೆ ಹಿಡಿಯಬೇಡಿ. ಫೋನ್ ಬಂದರೆ ಎತ್ತಿ, ಹತ್ತು ನಿಮಿಷ ಏನಾದರೂ ಮಾತನಾಡಿ.

ಅಮ್ಮ ಈಗಲೂ ಸ್ವಲ್ಪ ಬೀಡಿ ಕಟ್ಟುತ್ತಾರೆ. ಬೇಡ ಎಂದರೆ, ಕೈ ಸುಮ್ಮನೆ ಕೂರುವುದಿಲ್ಲ ಎನ್ನುತ್ತಾರೆ. ನನ್ನನ್ನು ಓದಿಸಿದ ಆ ಕೈಯನ್ನು ದೂರುವ ಹಕ್ಕು ನನಗಿಲ್ಲ. ಊರಿಗೆ ಬಂದಾಗಲೆಲ್ಲ ಅವರು ನನ್ನ ಅಂಗಿಯನ್ನು ಒಮ್ಮೆ ಮೂಸಿ ನೋಡಿ ಒಗೆಯಲು ಹಾಕುತ್ತಾರೆ. ನಾನು ಸುಮ್ಮನೆ ನಿಂತಿರುತ್ತೇನೆ.