ನಕ್ಷತ್ರದ ಸ್ವಿಚ್ಚು ಯಾರ ಕೈಯಲ್ಲಿ?



ಬಾಲಯೇಸುವಿನ ಜನನದ ಸಂಭ್ರಮ ಈ ರಾತ್ರಿ ನಮ್ಮ ಮನೆಮನಗಳನ್ನು ತುಂಬಿದೆ. ಹಿಂದೆ ಬಿದಿರು ಕಡ್ಡಿ, ಬಣ್ಣದ ಕಾಗದ, ಒಳಗೊಂದು ಬಲ್ಬು, ಇಷ್ಟಾದರೆ ನಕ್ಷತ್ರವಾಯಿತು. ಈಗ ಗೋದಲಿಯ ಮೇಲೂ ಗೋಪುರದ ಮೇಲೂ ದೀಪಮಾಲೆಗಳು ಹಾಡಿನ ತಾಳಕ್ಕೆ ಕುಣಿಯುತ್ತವೆ. ಅವನ್ನು ಕುಣಿಸುವುದು ಕಂಟ್ರೋಲರ್ ಎಂಬ ಪೆಟ್ಟಿಗೆ. ಆಗಮನ ಕಾಲದಲ್ಲಿ ಒಮ್ಮೆ ಪ್ಲಗ್ಗಿಗೆ ಸಿಕ್ಕಿಸಿದರೆ ಮೂರು ರಾಯರ ಹಬ್ಬದವರೆಗೂ ಅದನ್ನು ಆರಿಸುವವರಿಲ್ಲ. ಹಬ್ಬದ ರಾತ್ರಿ ಗುರುಗಳಿಗೆ ಇದೇನು ಮಾತು ಎನ್ನಬೇಡಿ.

ಸಂತ ಲೂಕರ ಶುಭಸಂದೇಶದಲ್ಲಿ ದೇವದೂತನ ವಾರ್ತೆ ಮೊದಲು ತಲುಪಿದ್ದು ರಾತ್ರಿಯಲ್ಲಿ ಮಂದೆ ಕಾಯುತ್ತಿದ್ದ ಕುರಿಗಾಹಿಗಳಿಗೆ. ಆ ರಾತ್ರಿ ಬೆಳಕು ಬಂದದ್ದು ಎಚ್ಚರವಿದ್ದವರ ಬಳಿಗೆ. ನಮ್ಮ ದೀಪಗಳಿಗೆ ಕಾವಲು ಯಾರು?

ಬೆಳಗಾದರೆ ಅವು ತಾವಾಗಿಯೇ ಆರುತ್ತವೆ. ಆದರೆ ಆರಿದ್ದು ದೀಪ, ಕರೆಂಟಲ್ಲ. ಗೋಡೆಯಿಂದ ಪೆಟ್ಟಿಗೆಯವರೆಗೆ 230 ವೋಲ್ಟ್ ಇದ್ದೇ ಇರುತ್ತದೆ. ಗಾಳಿಗೆ ವಾಲಿದ ನಕ್ಷತ್ರವನ್ನು ಸರಿಪಡಿಸಲು ಏಣಿ ಹತ್ತಿದ ಹುಡುಗ, "ಹೇಗೂ ಆರಿದೆಯಲ್ಲ" ಎಂದು ಇಬ್ಬನಿಯಲ್ಲಿ ನೆನೆದ ವೈರಿಗೆ ಕೈ ಹಾಕುತ್ತಾನೆ. ಸುತ್ತಿದ ಟೇಪು ಬಿಚ್ಚಿಕೊಂಡಿದ್ದರೆ? ಮೊದಲು ಪ್ಲಗ್ ಕಿತ್ತುಬಿಡಿ, ಆಮೇಲೆ ಏಣಿ. ಹೊರಗಿನ ಲೈನಿಗೆ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿ. ಕರೆಂಟು ಸೋರಿದರೆ ಅದು ತಕ್ಷಣ ಲೈನನ್ನು ಕಡಿಯುತ್ತದೆ. ಆ ಖರ್ಚಿಗಾಗಿ ಎರಡು ನಕ್ಷತ್ರ ಕಡಿಮೆಯಾದರೂ ಚಿಂತೆಯಿಲ್ಲ.

ಪೆಟ್ಟಿಗೆ ಬೆಚ್ಚಗಿದ್ದರೆ ಒಳಗೆ ತೇವ ಕೂರುವುದಿಲ್ಲ, ಅದಕ್ಕೇ ಆರಿಸುವುದಿಲ್ಲ ಎನ್ನುವವರಿದ್ದಾರೆ. ಆ ಮಾತಿನಲ್ಲಿ ಸತ್ಯವಿದೆ. ಆದರೆ ನಮ್ಮ ಮಧ್ಯಾಹ್ನದ ಬಿಸಿಲಿಗೆ ಮುಚ್ಚಿದ ಡಬ್ಬಿ ತಾನಾಗಿಯೇ ಕಾಯುತ್ತದೆ. ಅದನ್ನು ಸೂರಿನಡಿ, ನೆಲದಿಂದ ಎತ್ತರದಲ್ಲಿ ಇಟ್ಟರೆ ತೇವವೂ ಕಡಿಮೆ, ಬಿಸಿಲೂ ಕಡಿಮೆ.

ದೀಪ ಆರಿದ್ದಾಗಲೂ ಪೆಟ್ಟಿಗೆ ಒಂದಿಷ್ಟು ವಿದ್ಯುತ್ ಎಳೆಯುತ್ತದೆ. ಹತ್ತು ವ್ಯಾಟ್ ಎಂದುಕೊಂಡರೂ ಹಗಲು ರಾತ್ರಿ ಸೇರಿ 30 ದಿನಕ್ಕೆ 7.2 ಯೂನಿಟ್. ದೊಡ್ಡ ಮೊತ್ತವೇನಲ್ಲ ನಿಜ. ಆದರೂ ಪೋಪ್ ಫ್ರಾನ್ಸಿಸರು 2015ರ 'ಲೌದಾತೋ ಸೀ' ಪರಿಪತ್ರದಲ್ಲಿ, ಅನಗತ್ಯ ದೀಪ ಆರಿಸುವಂಥ ಸಣ್ಣ ಕೆಲಸವನ್ನೂ ಸೃಷ್ಟಿಯ ಮೇಲಿನ ಪ್ರೀತಿಯೊಳಗೇ ಸೇರಿಸಿದ್ದಾರೆ.

ಸದಾ ಉರಿಯಲೇಬೇಕಾದ ದೀಪ ನಮ್ಮ ದೇವಾಲಯದಲ್ಲಿ ಒಂದಿದೆ. ಪರಮಪ್ರಸಾದ ಪೆಟ್ಟಿಗೆಯ ಮುಂದಿನ ಆ ದೀಪವನ್ನು ಧರ್ಮಸಭೆಯ ಕಾನೂನಿನ 940ನೇ ವಿಧಿಯೇ ಕೇಳುತ್ತದೆ. ಅದೂ ತನ್ನಷ್ಟಕ್ಕೆ ಉರಿಯುವುದಿಲ್ಲ, ದಿನವೂ ಯಾರೋ ಬಂದು ನೋಡುತ್ತಾರೆ.

ಬಲಿಪೂಜೆಯ ನಂತರ ಕೇಕ್ ಹಂಚಿ ಆದ ಮೇಲೆ ಯುವಕ ಯುವತಿಯರು ದಯವಿಟ್ಟು ಗೋದಲಿಯ ಬಳಿ ಸೇರಿ. ಮೂರು ರಾಯರ ಹಬ್ಬದವರೆಗೆ ಯಾವ ದಿನ ಯಾರು ಸ್ವಿಚ್ಚು ನೋಡಿಕೊಳ್ಳುವುದೆಂದು ಹೆಸರು ಬರೆದುಕೊಳ್ಳೋಣ. ಇವತ್ತಿನದು ನನ್ನ ಹೆಸರಿಗಿರಲಿ.